ಅಪ್‌ಡೇಟ್: ಸೀರೆ ಅಂಗಡಿ ಮೇಲ್ ಸ್ಪ್ಯಾಮ್‌ಗೆ ಹೋಗ್ತಿತ್ತಲ್ಲ, ಸರಿಯಾಯ್ತು

ನಮ್ಮ ಇಳಕಲ್ ಸೀರೆ ಅಂಗಡಿ ಮೇಲ್ ಎಲ್ಲಾ ಸ್ಪ್ಯಾಮ್‌ಗೆ ಬೀಳ್ತಿದೆ ಅಂತ ಕೇಳಿದ್ನಲ್ಲ, ನೀವು ಹೇಳ್ದಂಗೆ ಡೊಮೇನ್ ಸೆಟ್ಟಿಂಗ್ ನೋಡ್ದೆ, ಎಸ್‌ಪಿಎಫ್ (ನಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳ್ಸಬಹುದು ಅನ್ನೋ ಪಟ್ಟಿ) ಇತ್ತು, ಡಿಕಿಮ್ (ಮೇಲ್ ನಮ್ದೇ ಅಂತ ತೋರ್ಸೋ ಡಿಜಿಟಲ್ ಸಹಿ) ಇರ್ಲೇ ಇಲ್ಲ! ಅದನ್ನ ಹಾಕಿ ಡಿಮಾರ್ಕೂ (ಈ ಪರೀಕ್ಷೇಲಿ ಫೇಲಾದ ಮೇಲನ್ನ ಏನ್ ಮಾಡ್ಬೇಕು ಅಂತ ಹೇಳೋ ನಿಯಮ) ಸೇರಿಸ್ದೆ. ಜಿಮೇಲ್‌ಗೆ ದಿನಕ್ಕೆ 5000 ಅಥವಾ ಅದಕ್ಕಿಂತ ಜಾಸ್ತಿ ಮೇಲ್ ಕಳ್ಸೋರಿಗೆ 2024ರ ಫೆಬ್ರವರಿಯಿಂದ ಮೂರೂ ಕಡ್ಡಾಯ, ನಮ್ದು ಅಷ್ಟಿಲ್ಲ, ಆದ್ರೂ ಹಾಕಿದ್ದು ಒಳ್ಳೇದೇ ಆಯ್ತು.

ಎರಡು ವರ್ಷದಿಂದ ಒಂದು ಕ್ಲಿಕ್ಕೂ ಮಾಡದವ್ರನ್ನ ಲಿಸ್ಟಿಂದ ತೆಗ್ದೆ, ಹೊಟ್ಟೆ ಉರೀತು ನಿಜ. ಓಪನ್ ರೇಟ್ (ಎಷ್ಟು ಜನ ಮೇಲ್ ತೆರೆದ್ರು ಅನ್ನೋ ಲೆಕ್ಕ) ನಂಬ್ಲಿಲ್ಲ, ಯಾಕಂದ್ರೆ ಆ್ಯಪಲ್‌ನ ಮೇಲ್ ಆ್ಯಪ್ ಜನ ಓದದೇ ಇದ್ರೂ ಓಪನ್ ಅಂತ ತೋರ್ಸೋದುಂಟು.

ಸಬ್ಜೆಕ್ಟಲ್ಲಿ ‘ಭರ್ಜರಿ ಆಫರ್!!!’ ಬಿಟ್ಟು ‘ಟೋಪ್ ತೆನಿ ಸೆರಗು, ದಾಳಿಂಬೆ ಕೆಂಪು, ಆರೇ ಸೀರೆ ಉಳ್ದಿವೆ’ ಅಂತ ಬರ್ದೆ (ಟೋಪ್ ತೆನಿ ಅಂದ್ರೆ ಇಳಕಲ್ ಸೆರಗಿನ ವಿನ್ಯಾಸ). ಅವತ್ತು ಸಂಜೆನೇ ಒಬ್ರು ‘ಅಂಚಿನ ಫೋಟೋ ಹತ್ರದಿಂದ ಕಳ್ಸಿ’ ಅಂತ ರಿಪ್ಲೈ ಮಾಡಿದ್ರು. ಎಲ್ರಿಗೂ ತುಂಬಾ ಥ್ಯಾಂಕ್ಸ್.