ಎರಿ ಮಣ್ಣಿಗೆ, ಬೇವಿನ ನೆರಳಿಗೆ ಯಾವ ಹೂ ಹಚ್ಚಬೇಕು?

ಪ್ರಶ್ನೆ, ಕಲಬುರಗಿಯಿಂದ:
ಹೊಸಾ ಮನಿ ಕಟ್ಟೀವಿ. ಮುಂದ ಕಂಪೌಂಡ್ ಗುಂಟ ದಿನಾಪೂರ್ತಿ ಬಿಸಿಲು, ಹಿಂದ ದೊಡ್ಡ ಬೇವಿನ ಗಿಡದ ನೆರಳು. ಮಣ್ಣು ಎಲ್ಲಾ ಎರಿ, ಅಂದ್ರ ಕರಿ ಮಣ್ಣು. ವರ್ಷಾ ವರ್ಷಾ ಚೆಂಡು ಹೂವಿನ ಸಸಿ ಹಚ್ಚಿ, ಒಣಗಿದ ಮ್ಯಾಲ ಕೀಳೋದು ಬ್ಯಾಡಾಗ್ಯದ. ಒಮ್ಮೆ ಹಚ್ಚಿದ್ರ ವರ್ಷಗಟ್ಟಲೆ ನಿಲ್ಲೋ ಹೂ ಯಾವುವು? ಪೂಜಾಕ್ಕೂ ಸಿಗಬೇಕು. ಬೆಳೆಸಿದವ್ರು ಹೇಳ್ರಿ.

ಕಲಬುರಗಿಯಿಂದ:
ಅಕ್ಕಾರ, ಹೂ ಆರಿಸೋಕಿಂತ ಮೊದಲ ಮಣ್ಣಿನ ಕಡಿ ನೋಡ್ರಿ. ನಮ್ಮ ಎರಿ ಮಳಿಗಾಲದಾಗ ಉಬ್ಬಿ ನೀರು ಹಿಡಿತದ, ಬ್ಯಾಸಿಗ್ಯಾಗ ಬಿರುಕು ಬಿಟ್ಟು ಬೇರು ಹರಿತದ. ಇಲ್ಲಿ ಗಿಡ ಬಿಸಿಲಿಗೆ ಸಾಯೋದಕಿಂತ ಆಗಸ್ಟ್, ಸೆಪ್ಟೆಂಬರ್‌ದಾಗ ಬೇರು ಕೊಳೆತು ಸಾಯೋದೇ ಹೆಚ್ಚು. ಭಾಳ ಮಂದಿ ಎರಿ ಒಳಗ ಕುಣಿ ತೋಡಿ ಕೆಂಪು ಮಣ್ಣು ತುಂಬ್ತಾರ. ಹಂಗ ಮಾಡಬ್ಯಾಡ್ರಿ, ಆ ಕುಣಿಯಾಗ ನೀರು ನಿಂತುಬಿಡ್ತದ. ಅದರ ಬದಲಿ ಶಹಾಬಾದ್ ಫರಸಿ ಕಲ್ಲಿನ ತುಂಡು ಅಂಚಿಗೆ ನಿಲ್ಲಿಸಿ, ಮಡಿ ಒಂದು ಮೊಳ ಎತ್ತರ ಮಾಡ್ರಿ. ಎರಿ, ಮರಂ (ಗರಸು ಮಣ್ಣು), ಹಳೀ ತಿಪ್ಪಿ ಗೊಬ್ಬರ ಚೆನ್ನಾಗಿ ಕಲಸಿ ತುಂಬ್ರಿ. ಬ್ಯಾಸಿಗಿಗೆ ಮ್ಯಾಲ ತೊಗರಿ ಹೊಟ್ಟು ದಪ್ಪಗ ಹರವ್ರಿ, ಬಿರುಕು ಕಮ್ಮಿ ಆಗ್ತದ. ನಮ್ಮ ಜಿಲ್ಲಾದಾಗ ಅದಕ್ಕೇನು ಬರ ಇಲ್ಲ.

ಬಿಸಿಲಿನ ಸಾಲಿಗೆ ನನ್ನ ಮೊದಲ ಮತ ನಿತ್ಯಪುಷ್ಪಕ್ಕ. ಮೇ ತಿಂಗಳ ಬಿಸಿಲಿನಾಗೂ ಹೂ ಬಿಡೋದು ನಿಲ್ಲಂಗಿಲ್ಲ, ಆಡು ಬಾಯಿ ಹಾಕಂಗಿಲ್ಲ, ದೇವರಿಗೂ ಆಗ್ತದ. ಗಿಡ ಮುದುಕಾದ್ರ ಬುಡದಾಗ ಬಿದ್ದ ಬೀಜದಿಂದ ತಾನೇ ಹೊಸಾದು ಬರ್ತದ. ಅದರ ಮುಂದ ಗಿಡ್ಡ ಸಾಲಿಗೆ ರೈನ್ ಲಿಲ್ಲಿ: ಗಡ್ಡಿ ನೆಲದಾಗ ಸುಮ್ಮನ ಇದ್ದು, ಮಳಿ ಬಿದ್ದ ನಾಕಾರು ದಿನಕ್ಕ ಒಮ್ಮೆಲೇ ಹೂ ಬಿಡ್ತದ. ಹಿಂದ ಎತ್ತರಕ್ಕ ಕೆಂಪು ದಾಸವಾಳ, ನಂದಿಬಟ್ಟಲು. ಕಣಗಿಲ ಗಟ್ಟಿ ಗಿಡ ಖರೆ, ಆದ್ರ ಎಲಿ, ಹೂ, ಟೊಂಗಿ ಎಲ್ಲಾ ವಿಷ. ಸಣ್ಣ ಹುಡುಗರು ಇದ್ರ ಬ್ಯಾಡ.

ಬೀದರದಿಂದ:
ನಮ್ಮ ಕಡಿ ಜಂಬಿಟ್ಟಿಗಿ ಕೆಂಪು ಮಣ್ಣು, ನೀರು ನಿಲ್ಲಂಗಿಲ್ಲ. ಇಕ್ಸೋರಾ (ಕೇಪಳ ಹೂ) ಇಲ್ಲಿ ಗೊಂಚಲು ಗೊಂಚಲು ಬಿಡ್ತದ. ನರ್ಸರಿಯವ್ರು ನಿಮಗೂ ಅದನ್ನೇ ಕೊಡಬಹುದು, ಒಯ್ಯಬ್ಯಾಡ್ರಿ. ಎರಿಯಾಗ ಸುಣ್ಣದಂಶ ಹೆಚ್ಚು, ಬೋರಿನ ನೀರೂ ಗಡಸು. ಕಬ್ಬಿಣ ಬೇರಿಗೆ ದಕ್ಕಂಗಿಲ್ಲ. ಎಳೀ ಎಲಿ ಹಳದಿ ಆಗಿ, ನರ ಅಷ್ಟೇ ಹಸುರು ಉಳಿತಾವ. ವಿಡಿಯೋದಾಗ ನೆರಳಿಗೆ ಅಂತ ತೋರಿಸೋ ಹೋಸ್ಟಾನೂ ಚಳಿ ದೇಶದ್ದು. ನಮ್ಮ ಚಳಿ ಅದಕ್ಕ ಸಾಲಂಗಿಲ್ಲ.

ಯಾದಗಿರಿಯಿಂದ:
ನೆರಳಿಗೆ ಅಬ್ಬಲಿಗಿ ಹಚ್ರಿ. ಮುಂಜಾನಿ ಬಿಸಿಲು ಬಿದ್ದು, ಮಧ್ಯಾಹ್ನ ಜಾಳ ಜಾಳ ನೆರಳು ಇದ್ರ ಅದಕ್ಕ ಅದೇ ಸ್ವರ್ಗ. ಪಡುವಣ ಬಿಸಿಲಿಗೆ ಎಲಿ ಸುಡ್ತಾವ. ಒಣಗಿದ ತೆನಿಗೆ ನೀರು ಬಿದ್ರ ಬೀಜ ಚಟ್ ಅಂತ ಸಿಡಿತಾವ, ಆಜೂಬಾಜೂ ಸಸಿ ಏಳ್ತಾವ. ಮಾಲಿಗೂ ಆಯ್ತು, ದೇವರಿಗೂ ಆಯ್ತು. ಅದನ್ನ ಬೇವಿನ ಬುಡದ ಸಮೀಪ ಹಚ್ಚಬ್ಯಾಡ್ರಿ, ಬೇವಿನ ಬೇರು ನೀರೆಲ್ಲಾ ಕುಡಿದುಬಿಡ್ತಾವ. ಅಲ್ಲಿ ಬಿಳೀ ಸ್ಪೈಡರ್ ಲಿಲ್ಲಿ ಗಡ್ಡಿ ಆಗಬಹುದು, ಸ್ವಲ್ಪ ಬರಗಾಲ ತಡೀತದ. ಬಿಸಿಲೇ ಬೀಳದ ಮೂಲ್ಯಾಗ ಕುಂಡದಾಗ ಪೀಸ್ ಲಿಲ್ಲಿ ಇಡ್ರಿ. ಬೋರಿನ ನೀರಿಗೆ ಅದರ ಎಲಿ ತುದಿ ಕರ್ರಗಾಗ್ತದ, ಮಳಿ ನೀರು ಹಿಡಿದಿಟ್ಟು ಹಾಕ್ರಿ.

ಪ್ರಶ್ನೆ ಕೇಳಿದವ್ರು:
ಭಾಳ ಉಪಕಾರ ಆತ್ರಿ. ಈಗಲೇ ಹಚ್ಚಲೇನು, ಮಳಿಗೆ ಕಾಯಲೇನು?

ಕಲಬುರಗಿಯಿಂದ:
ಮಡಿ ಈಗ ಮಾಡಿ ಇಡ್ರಿ. ಮಿರಗದ (ಮೃಗಶಿರಾ) ಮಳಿ ಎರಡು ಸಲ ಹದವಾಗಿ ಬಿದ್ದು ಬಿರುಕು ಮುಚ್ಚಿದ ಮ್ಯಾಲ ಹಚ್ರಿ. ರೈನ್ ಲಿಲ್ಲಿ ಗಡ್ಡಿ ಕೊಳ್ಳಾಕ ಹೋಗಬ್ಯಾಡ್ರಿ ಅಕ್ಕಾರ. ನಮ್ಮ ಮನ್ಯಾಗ ಒತ್ತಾಗಿ ಬೆಳೆದಾವ, ಬಿಡಿಸಿ ಕೊಡ್ತೀನಿ. ಒಂದು ಬುಟ್ಟಿ ತಗೊಂಡ್ ಬರ್ರಿ.