ತಳಿಯ ಹೆಸರು ಒಂದೇ, ಬೀಜ ಬೇರೆ: ಪ್ರತಿ ಸಾಲಿಗೂ ಪ್ರತ್ಯೇಕ ಗುರುತು ಕೊಡುವುದು ಹೇಗೆ?

ಮಳವಳ್ಳಿ_ಬೀಜಪಟ್ಟಿ:

ನಮ್ಮ ಮಾವನವರು ಮಳವಳ್ಳಿ ತಾಲ್ಲೂಕಿನ ಊರೂರು ಸುತ್ತಿ ನಾಟಿ ಭತ್ತದ ಬೀಜ ಕೂಡಿಸಿಟ್ಟಿದ್ದಾರೆ. ಅವರ ನೋಟ್‌ಬುಕ್ಕಿನಲ್ಲಿದ್ದುದನ್ನು ನಾನು ಟೈಪ್ ಮಾಡಿ, ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಕೋಷ್ಟಕಗಳನ್ನು ನಿಭಾಯಿಸುವ ಪಾಂಡಾಸ್ ಎಂಬ ಸಲಕರಣೆಯಲ್ಲಿ ತೆರೆದಿದ್ದೇನೆ. ಕಾಲಂಗಳು ತಳಿ, ಊರು, ಕೊಟ್ಟವರು, ವರ್ಷ.

ತಳಿ ಕಾಲಂನಲ್ಲಿ ರಾಜಮುಡಿ, ರತ್ನಚೂಡಿ, ಸೇಲಂ ಸಣ್ಣ ಮತ್ತೆ ಮತ್ತೆ ಬರುತ್ತವೆ. ಪ್ರತಿ ಭರಣಿಗೂ ಒಂದು ಚೀಟಿ ಅಂಟಿಸಬೇಕು. ಚೀಟಿಯ ಹೆಸರನ್ನು ಹುಡುಕಿದರೆ ಒಂದೇ ಸಾಲು ಸಿಗಬೇಕು. ಈಗ ‘ರಾಜಮುಡಿ’ ಎಂದು ಹುಡುಕಿದರೆ ಸಾಲುಗಳ ಗುಂಪೇ ಬರುತ್ತದೆ. ಪುನರಾವರ್ತನೆಯಾದ ಸಾಲುಗಳನ್ನು ಅಳಿಸುವ ಆಜ್ಞೆಯನ್ನು ಒಬ್ಬರು ಹೇಳಿಕೊಟ್ಟರು. ಅದು ನನಗೆ ಬೇಡ. ಕೆರೆಯ ಅಚ್ಚುಕಟ್ಟಿನಲ್ಲಿ ಬೆಳೆದ ರಾಜಮುಡಿ ಬೇರೆ, ನಾಲೆಯ ತುದಿಯಲ್ಲಿ ನೀರು ತಡವಾಗಿ ಸಿಗುವ ಗದ್ದೆಯ ರಾಜಮುಡಿ ಬೇರೆ ಎಂದು ಮಾವ ಹೇಳುತ್ತಾರೆ. ಒಂದು ಸಾಲೂ ಕಳೆಯದಂತೆ ದಾರಿ ತೋರಿಸಿ.

ಕುವೆಂಪುನಗರ_ಕೋಷ್ಟಕ:

ಅಳಿಸದೇ ಇದ್ದದ್ದು ಬಹಳ ಒಳ್ಳೆಯದಾಯಿತು ಮೇಡಂ. ಭತ್ತ ಹೆಚ್ಚಾಗಿ ಸ್ವಕೀಯ ಪರಾಗಸ್ಪರ್ಶದ ಬೆಳೆ, ಹಾಗಾಗಿ ಒಂದೊಂದು ಮನೆತನ ಕಾಪಾಡಿಕೊಂಡ ಬೀಜ ತನ್ನ ಗುಣವನ್ನು ಬಹುಪಾಲು ಉಳಿಸಿಕೊಂಡೇ ಬರುತ್ತದೆ. ಪಟ್ಟಿಯಲ್ಲಿ ಎರಡು ಸಾಲು ಒಂದಾದರೆ ನಾಳೆ ಎರಡು ಭರಣಿಯೂ ಒಂದಾಗುತ್ತದೆ, ಆಮೇಲೆ ಬೇರ್ಪಡಿಸಲು ಯಾರಿಂದಲೂ ಆಗದು.

ಕೋಡ್ ಚಿಕ್ಕದು. ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ, ನೀವು ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಿಕೊಳ್ಳಿ (‘ಪಟ್ಟಿ’ ಎಂದರೆ ನೀವು ತೆರೆದಿರುವ ಕೋಷ್ಟಕ):

ಕ್ರಮ = ಪಟ್ಟಿ.ಗ್ರೂಪ್‌ಬೈ("ತಳಿ").ಕ್ಯೂಮ್‌ಕೌಂಟ್() + 1
ಪಟ್ಟಿ["ಗುರುತು"] = ಪಟ್ಟಿ["ತಳಿ"] + "-" + ಕ್ರಮ.ಆಸ್‌ಟೈಪ್(ಎಸ್‌ಟಿಆರ್).ಎಸ್‌ಟಿಆರ್.ಜೆಡ್‌ಫಿಲ್(2)

ಕ್ಯೂಮ್‌ಕೌಂಟ್ ಪ್ರತಿ ತಳಿಯೊಳಗೆ ಸಾಲುಗಳನ್ನು ಇರುವ ಕ್ರಮದಲ್ಲೇ 0ಯಿಂದ ಎಣಿಸುತ್ತದೆ, ಅದಕ್ಕೇ 1 ಕೂಡಿಸಿದ್ದು. ಜೆಡ್‌ಫಿಲ್ ಮುಂದೆ ಸೊನ್ನೆ ಹಾಕಿ 2 ಅನ್ನು 02 ಮಾಡುತ್ತದೆ; ಅದಿಲ್ಲದಿದ್ದರೆ ಅಕ್ಷರ ಕ್ರಮದಲ್ಲಿ ಜೋಡಿಸಿದಾಗ 10 ಎಂಬುದು 2ಕ್ಕಿಂತ ಮುಂಚೆ ಬಂದು ನಿಲ್ಲುತ್ತದೆ. ತಳಿಯ ಹೆಸರೇ ಇಲ್ಲದ ಸಾಲುಗಳಿದ್ದರೆ ಮೊದಲು ಅಲ್ಲಿ ‘ಹೆಸರಿಲ್ಲ’ ಎಂದು ತುಂಬಿಸಿ.

ಒಮ್ಮೆ ಮಾತ್ರ ಬರುವ ತಳಿಗೂ ಸಂಖ್ಯೆ ಹಾಕಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಂದವಾಗಿ ಕಾಣಲೆಂದು ಅವನ್ನು ಬರಿದೇ ಬಿಡುವವರಿದ್ದಾರೆ. ಹಾಗೆ ಬಿಟ್ಟಾಗ, ನಿಮ್ಮ ಮಾವನವರು ನೋಟ್‌ಬುಕ್ಕಿನಲ್ಲಿ ತಾವೇ ‘ರಾಜಮುಡಿ-02’ ಎಂದು ಒಂದು ಕಡೆ ಬರೆದಿದ್ದರೆ, ಎರಡನೆಯ ರಾಜಮುಡಿಗೆ ಕೋಡ್ ಕೊಡುವ ಹೆಸರೂ ಅದೇ ಆಗಿ ಎರಡೂ ಡಿಕ್ಕಿ ಹೊಡೆಯುತ್ತವೆ. ಎಲ್ಲ ಸಾಲಿಗೂ ಸಂಖ್ಯೆ ಹಾಕಿದರೆ ಅವರು ಬರೆದದ್ದು ‘ರಾಜಮುಡಿ-02-01’ ಆಗುತ್ತದೆ; ಡಿಕ್ಕಿಗೆ ಅವಕಾಶವೇ ಇಲ್ಲ. ಕೊನೆಗೆ ಪಟ್ಟಿ["ಗುರುತು"].ಈಸ್_ಯೂನಿಕ್ ಎಂದು ಕೇಳಿ. ‘ಟ್ರೂ’ (ಯಾವ ಗುರುತೂ ಎರಡು ಬಾರಿ ಇಲ್ಲ) ಎಂದು ಬಂದ ಮೇಲೆಯೇ ಚೀಟಿ ಮುದ್ರಿಸಿ.

ಹುಣಸೂರುರಸ್ತೆ:

ಆರ್ ಭಾಷೆಯಲ್ಲಿ ಮೇಕ್.ಯೂನಿಕ್ ಎಂಬ ಸಿದ್ಧ ಆಜ್ಞೆಯೇ ಇದೆ. ಮೊದಲನೆಯದನ್ನು ಹಾಗೇ ಬಿಟ್ಟು ಮುಂದಿನವಕ್ಕೆ .1, .2 ಸೇರಿಸುತ್ತದೆ, ಆ ಹೆಸರು ಮೊದಲೇ ಇದ್ದರೆ ಅದನ್ನು ದಾಟಿ ಮುಂದಿನ ಸಂಖ್ಯೆ ಹಿಡಿಯುತ್ತದೆ. ಆದರೆ ನೀವು ಪೈಥಾನ್‌ನಲ್ಲಿ ಇರುವುದರಿಂದ ಮೇಲಿನದೇ ಸಾಕು.

ಮಳವಳ್ಳಿ_ಬೀಜಪಟ್ಟಿ:

ಕೋಡ್ ನಡೆಯಿತು, ತುಂಬಾ ಧನ್ಯವಾದ ಸರ್. ಆದರೆ ‘ಸೇಲಂ ಸಣ್ಣ-01’ ಎಂಬುದು ಎರಡು ಕಡೆ ಕಾಣುತ್ತಿದೆ! ಈಸ್_ಯೂನಿಕ್ ಮಾತ್ರ ‘ಟ್ರೂ’ ಎನ್ನುತ್ತಿದೆ. ಒಂದು ಭಾಗವನ್ನು ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಕಡತದಿಂದ, ಅಕ್ಷರಗಳಿಗೆ ಎಲ್ಲ ಕಂಪ್ಯೂಟರುಗಳೂ ಒಪ್ಪುವ ಸಂಕೇತ ಕೊಡುವ ಯೂನಿಕೋಡ್‌ಗೆ ಪರಿವರ್ತಿಸಿ ಸೇರಿಸಿದ್ದೆ.

ಕುವೆಂಪುನಗರ_ಕೋಷ್ಟಕ:

ಕಾರಣ ಅಲ್ಲೇ ಇದೆ. ಕನ್ನಡದ ‘ಸೇ’ ಯೂನಿಕೋಡ್‌ನಲ್ಲಿ ಎರಡು ರೀತಿ ಕೂರಬಹುದು: ಏತ್ವದ ದೀರ್ಘ ಚಿಹ್ನೆ ಒಂದೇ ಸಂಕೇತವಾಗಿ, ಇಲ್ಲವೇ ಎತ್ವ ಮತ್ತು ದೀರ್ಘದ ಗುರುತು ಎರಡು ಸಂಕೇತಗಳಾಗಿ. ಪರದೆಯ ಮೇಲೆ ವ್ಯತ್ಯಾಸ ಕಾಣದು, ಕಂಪ್ಯೂಟರಿಗೆ ಮಾತ್ರ ಅವು ಬೇರೆ ಬೇರೆ ಪದಗಳು. ‘ರಾಜಭೋಗ’ದ ‘ಭೋ’ ಕೂಡ ಹೀಗೆಯೇ. ಸಂಖ್ಯೆ ಹಾಕುವ ಮುನ್ನ ತಳಿ ಕಾಲಂ ಮೇಲೆ ಎಸ್‌ಟಿಆರ್.ನಾರ್ಮಲೈಜ್("ಎನ್‌ಎಫ್‌ಸಿ") ನಡೆಸಿ, ಎರಡೂ ಒಂದೇ ರೂಪಕ್ಕೆ ಬರುತ್ತವೆ. ಹಿಂದೆ ಮುಂದೆ ಉಳಿದ ಖಾಲಿ ಜಾಗ ಸ್ಟ್ರಿಪ್‌ನಿಂದ ಹೋಗುತ್ತದೆ. ಪದದ ಕೊನೆಗೆ ಅಂಟಿಕೊಂಡ ಶೂನ್ಯ ಅಗಲದ ಅಕ್ಷರ, ಅಂದರೆ ಯೂನಿಕೋಡ್ 200ಸಿ, ಈ ಎರಡಕ್ಕೂ ಜಗ್ಗುವುದಿಲ್ಲ. ಅದನ್ನು ರಿಪ್ಲೇಸ್‌ನಿಂದ ಪ್ರತ್ಯೇಕವಾಗಿ ತೆಗೆಯಬೇಕು. ಪದದ ನಡುವೆ ಅದು ಬೇಕಾಗಿಯೇ ಇರಬಹುದು, ಅದಕ್ಕೆ ಕೊನೆಯಲ್ಲಿರುವುದನ್ನು ಮಾತ್ರ ತೆಗೆಯಿರಿ.

ಇನ್ನೊಂದು ಮಾತು, ಇದು ಕೋಡ್‌ಗಿಂತ ಮುಖ್ಯ. ಗುರುತುಗಳು ಸರಿಯಾದ ಮೇಲೆ ಆ ಕಾಲಂ ಅನ್ನು ಕಡತದಲ್ಲೇ ಉಳಿಸಿ, ಮತ್ತೆಂದೂ ಹೊಸದಾಗಿ ಎಣಿಸಬೇಡಿ. ಪಟ್ಟಿಯನ್ನು ವರ್ಷದ ಪ್ರಕಾರ ಜೋಡಿಸಿ ಮರುಎಣಿಕೆ ಮಾಡಿದರೆ ನಿನ್ನೆಯ 03 ಇಂದು 01 ಆಗುತ್ತದೆ, ಭರಣಿಯ ಚೀಟಿ ಸುಳ್ಳು ಹೇಳುತ್ತದೆ. ಹೊಸ ಬೀಜ ಬಂದಾಗ ಆ ತಳಿಗೆ ಅದುವರೆಗೆ ಕೊಟ್ಟ ಅತಿ ದೊಡ್ಡ ಸಂಖ್ಯೆಗೆ 1 ಸೇರಿಸಿ ಕೊಡಿ. ಬೀಜ ಹಾಳಾಗಿ ಭರಣಿ ಖಾಲಿಯಾದರೂ ಅದರ ಸಾಲನ್ನು ಉಳಿಸಿ, ಸಂಖ್ಯೆಯನ್ನು ಬೇರೆಯದಕ್ಕೆ ಕೊಡಬೇಡಿ.

ಮಳವಳ್ಳಿ_ಬೀಜಪಟ್ಟಿ:

ಎನ್‌ಎಫ್‌ಸಿ ನಡೆಸಿದ ಮೇಲೆ ಎರಡನೆಯ ಸೇಲಂ ಸಣ್ಣಕ್ಕೆ 02 ಬಂದಿದೆ. ಊರಿನ ಹೆಸರನ್ನೂ ಗುರುತಿನೊಳಗೆ ಸೇರಿಸಲೇ?

ಕುವೆಂಪುನಗರ_ಕೋಷ್ಟಕ:

ಚೀಟಿಯ ಮೇಲೆ ದಪ್ಪಕ್ಷರದಲ್ಲಿ ಬರೆಯಿರಿ, ಗುರುತಿನೊಳಗೆ ಬೇಡ. ಊರಿನ ಕಾಗುಣಿತ ನಾಳೆ ತಿದ್ದಬೇಕಾದರೆ ಗುರುತೇ ಬದಲಾಗಿಬಿಡುತ್ತದೆ.