ಪದಚರ್ಚೆ: ಟಿವಿಯ ‘ಲ್ಯಾಗ್’ಗೆ, ‘ಇಂಟರ್‌ಲೇಸ್’ಗೆ ನಿಮ್ಮ ಕಡೆ ಏನಂತಾರೆ?

ಎಲ್ಲರಿಗೂ ನಮಸ್ಕಾರ. ಕಲಬುರಗಿಯಿಂದ ಬರೆಯುತ್ತಿದ್ದೇನೆ.

ಮನೆಗೆ ಹೊಸ ಟಿವಿ ತರಬೇಕಾಗಿದೆ. ನೋಡುವವರು ಇಬ್ಬರು. ಅಣ್ಣನ ಮಗ ಪ್ಲೇಸ್ಟೇಷನ್ 5ರಲ್ಲಿ ಆಟ ಆಡುತ್ತಾನೆ. ನಮ್ಮ ಅವ್ವ ಹಳೆಯದನ್ನು ನೋಡುತ್ತಾಳೆ. ಹಳೆಯದು ಅಂದರೆ 1995ರ ಅಕ್ಕನ ಮದುವೆಯ ವಿಎಚ್‌ಎಸ್ ಕ್ಯಾಸೆಟ್ಟು, ಶರಣಬಸವೇಶ್ವರ ಜಾತ್ರೆಯ ತೇರಿನ ಎರಡು ವಿಸಿಡಿ, ಅಪ್ಪ ಇದ್ದಾಗಿನ ಒಂದಷ್ಟು ಡಿವಿಡಿ. ಕ್ಯಾಸೆಟ್ಟನ್ನು ಪೆನ್‌ಡ್ರೈವಿಗೆ ಹಾಕಿಸಿದ್ದೇವೆ. ಅದರಲ್ಲಿ ಅಪ್ಪನ ದನಿ ಇದೆ. ಹಾಗಾಗಿ ಅವ್ವನಿಗೆ ಅದು ಸರಿಯಾಗಿ ಕಾಣಬೇಕು, ಕೇಳಬೇಕು.

ನಾನು ಎರಡು ಚೀಟಿ ಬರೆಯುತ್ತಿದ್ದೇನೆ. ಒಂದು ಸೂಪರ್ ಮಾರ್ಕೆಟ್ ಕಡೆಯ ಅಂಗಡಿಗೆ ಒಯ್ಯಲು, ಏನೇನು ಕೇಳಬೇಕು ಅಂತ. ಇನ್ನೊಂದು ಅವ್ವನಿಗೆ, ರಿಮೋಟಿನಲ್ಲಿ ಯಾವಾಗ ಯಾವ ಗುಂಡಿ ಒತ್ತಬೇಕು ಅಂತ. ಎರಡೂ ಕನ್ನಡದಲ್ಲೇ ಇರಬೇಕು. ಬರೆಯಲು ಕೂತಾಗಲೇ ಗೊತ್ತಾಯಿತು, ಕೆಲವು ಕಡೆ ಪದ ಇಲ್ಲ. ಕೆಲವು ಕಡೆ ಇರುವ ಒಂದೇ ಪದ ಮೂರ್ನಾಲ್ಕು ಕೆಲಸ ಮಾಡುತ್ತಿದೆ. ಅದರಿಂದ ನಮಗೆ ಒಮ್ಮೆ ನಷ್ಟವೂ ಆಗಿದೆ.

ಮೊದಲು ‘ಲ್ಯಾಗ್’. ಹುಡುಗ ದಿನಾ ಹೇಳುತ್ತಾನೆ, “ಕಾಕಾ, ಟಿವಿ ಲ್ಯಾಗ್ ಹೊಡಿಲಕತ್ತದ.” ಒಂದು ವಾರ ಪಕ್ಕದಲ್ಲಿ ಕೂತು ನೋಡಿದೆ. ಅವನು ನಾಲ್ಕು ಬೇರೆ ಬೇರೆ ತೊಂದರೆಗೆ ಇದೊಂದೇ ಪದ ಬಳಸುತ್ತಾನೆ. ಅಂಗಡಿಯವರೂ ಹಾಗೆಯೇ. ಹಿಂದಿನ ಸಲ “ಇದರಾಗ ಲ್ಯಾಗ್ ಬರಂಗಿಲ್ಲ” ಅಂದರು. ಪೆಟ್ಟಿಗೆಯ ಮೇಲೆ 120 ಅಂತ ದಪ್ಪ ಅಕ್ಷರದಲ್ಲಿತ್ತು. ತಂದ ಮೇಲೆ ನೋಡಿದರೆ ಪರದೆ ಸೆಕೆಂಡಿಗೆ 60 ಸಲದ್ದು. ಆ 120 ಅನ್ನುವುದು ಚಿತ್ರಗಳ ನಡುವೆ ಟಿವಿಯೇ ಹೊಸ ಚಿತ್ರ ಸೇರಿಸುವ ತಂತ್ರದ ಹೆಸರು. ಆ ತಂತ್ರ ಹಾಕಿದರೆ ಆಟದಲ್ಲಿ ತಡ ಇನ್ನೂ ಜಾಸ್ತಿಯಾಗುತ್ತದೆ. ಏಕೆಂದರೆ ನಡುವಿನ ಚಿತ್ರ ಮಾಡಲು ಟಿವಿ ಮುಂದಿನ ಚಿತ್ರ ಬರುವವರೆಗೆ ಕಾಯಲೇಬೇಕು. ಕೇಳುವಾಗ ನಮ್ಮ ಹತ್ತಿರ ಸರಿಯಾದ ಮಾತು ಇದ್ದಿದ್ದರೆ ಅಂದೇ ಬಿಟ್ಟು ಬರುತ್ತಿದ್ದೆವು.

ಆ ನಾಲ್ಕನ್ನೂ ಬಿಡಿಸಿ ಹೇಳುತ್ತೇನೆ. ಗುಂಡಿ ಒತ್ತುತ್ತೇವೆ, ಪರದೆಯಲ್ಲಿ ಆಟಗಾರ ಜಿಗಿಯುವುದು ಸ್ವಲ್ಪ ಹೊತ್ತಾದ ಮೇಲೆ. ಇದು ಕೈಗೂ ಕಣ್ಣಿಗೂ ನಡುವಿನ ತಡ. 60 ಸಲದ ಪರದೆಯಲ್ಲಿ ಒಂದು ಚಿತ್ರಕ್ಕೆ ಸುಮಾರು 16.7 ಮಿಲಿಸೆಕೆಂಡು. ಗೇಮ್ ಮೋಡ್ (ಚಿತ್ರ ತಿದ್ದುವ ಕೆಲಸ ಕಡಿಮೆ ಮಾಡಿ ಬೇಗ ತೋರಿಸುವ ಟಿವಿಯ ಸೆಟ್ಟಿಂಗು) ಹಾಕದಿದ್ದರೆ ಕೆಲವು ಟಿವಿಗಳಲ್ಲಿ ಈ ತಡ 100 ದಾಟುತ್ತದೆ. ಅಂದರೆ ಆರು ಚಿತ್ರ ಹಿಂದೆ. ದೂರ ನಿಂತು ಶಹಾಬಾದಿನ ಕಲ್ಲಿನ ಖಣಿ ನೋಡಿದವರಿಗೆ ಇದು ಹೊಸದಲ್ಲ. ಸುತ್ತಿಗೆ ಬಿದ್ದದ್ದು ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ. ಪತ್ರಿಕೆಗಳಲ್ಲಿ ಇದಕ್ಕೆ ‘ವಿಳಂಬ’ ಅಂತ ಬರೆಯುತ್ತಾರೆ. ನನಗೆ ಅದು ಒಪ್ಪುವುದಿಲ್ಲ. ವಿಳಂಬ ಅಂದರೆ ರೈಲು, ಕಚೇರಿ, ಪರಿಹಾರದ ಹಣ ನೆನಪಾಗುತ್ತದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಆಗುವುದಕ್ಕೆ ಅದು ಬಹಳ ಭಾರದ ಪದ. ‘ತಡ’ ಸಾಕು. ಆದರೆ ಯಾವ ತಡ ಅಂತ ಹೇಳಬೇಕಲ್ವಾ? ನಾನು ಸದ್ಯಕ್ಕೆ ‘ಒತ್ತುತಡ’ ಅಂತ ಬರೆದಿದ್ದೇನೆ. ಒತ್ತಿದ ಮೇಲಿನ ತಡ.

ಎರಡನೆಯದು ಬೇರೆಯೇ. ಕಾರು ಓಡುವಾಗ ಅದರ ಹಿಂದೆ ಮಸುಕಾದ ನೆರಳು ಎಳೆದುಕೊಂಡು ಬರುತ್ತದೆ, ಕತ್ತಲೆಯ ದೃಶ್ಯದಲ್ಲಂತೂ ಹೆಚ್ಚು. ಇಲ್ಲಿ ಚಿತ್ರ ತಡವಾಗಿ ಬಂದಿಲ್ಲ. ಪರದೆಯ ಚುಕ್ಕಿ ಒಂದು ಬಣ್ಣದಿಂದ ಇನ್ನೊಂದು ಬಣ್ಣಕ್ಕೆ ತಿರುಗಲು ಹೊತ್ತು ತೆಗೆದುಕೊಳ್ಳುತ್ತಿದೆ, ಅಷ್ಟೇ. ಪ್ರತಿ ಚುಕ್ಕಿಯೂ ತಾನೇ ಬೆಳಗುವ ಓಎಲ್‌ಇಡಿ ಪರದೆಯಲ್ಲಿ ಇದು ಇಲ್ಲವೆನ್ನುವಷ್ಟು ಕಡಿಮೆ. ಎಲ್‌ಇಡಿ ಅಂತ ಮಾರುವ ಎಲ್‌ಸಿಡಿ ಪರದೆಗಳಲ್ಲಿ, ಅದರಲ್ಲೂ ವಿಎ ಅನ್ನುವ ಒಂದು ಬಗೆಯದರಲ್ಲಿ, ಕಾಣಿಸುತ್ತದೆ. “ಅದು ಲ್ಯಾಗ್ ಅಲ್ಲ, ಮತ್ತೇನು?” ಅಂತ ಕೇಳಿದರೆ ಹುಡುಗ ತಾನೇ ಹೇಳಿದ, “ಬಾಲ ಬರ್ತದ ಕಾಕಾ.” ಬಾಲ! ಇದಕ್ಕಿಂತ ಒಳ್ಳೆಯ ಪದ ನನಗೆ ಹೊಳೆಯಲಿಲ್ಲ. ಚೀಟಿಯಲ್ಲಿ ಹಾಗೇ ಬರೆದೆ: ‘ಕತ್ತಲೆ ದೃಶ್ಯದಲ್ಲಿ ಬಾಲ ಬರುತ್ತದೆಯೇ ನೋಡಬೇಕು’.

ಮೂರನೆಯದು ನೆಟ್ಟಿನದು. ಅದಕ್ಕೂ ಟಿವಿಗೂ ಸಂಬಂಧವಿಲ್ಲ, ಬಿಡಿ.

ನಾಲ್ಕನೆಯದು ಚಿತ್ರ ಸಮನಾಗಿ ಹೋಗದೆ ನಿಂತು ನಿಂತು ಹೋಗುವುದು. ಇದಕ್ಕೆ ‘ತಡವರಿಕೆ’ ಅನ್ನಬಹುದೇ? ಮಾತಿನಲ್ಲಿ ತಡವರಿಸುವುದು ಹೇಗೋ ಹಾಗೆ. ಅವ್ವನ ಕ್ಯಾಸೆಟ್ಟಿಗೂ ಇದು ಬೇಕಾದ ಪದ. ನಮ್ಮ ದೇಶದ ಹಳೆಯ ವಿಡಿಯೋ ಎಲ್ಲ ಪಾಲ್ ಪದ್ಧತಿಯದು, ಸೆಕೆಂಡಿಗೆ 25 ಚಿತ್ರ. ಟಿವಿಗೆ ಜೋಡಿಸಿದ ಪೆಟ್ಟಿಗೆ 60ರಲ್ಲೇ ಕಳಿಸುತ್ತಿದ್ದರೆ 25 ಅದರೊಳಗೆ ಸಮನಾಗಿ ಕೂರುವುದಿಲ್ಲ. ಕೆಲವು ಚಿತ್ರ ಎರಡು ಸಲ, ಕೆಲವು ಮೂರು ಸಲ ಬರುತ್ತವೆ. ತೇರು ಎಳೆಯುವಾಗ ಕ್ಯಾಮೆರಾ ಮೆಲ್ಲಗೆ ತಿರುಗುತ್ತದೆ ನೋಡಿ, ಅಲ್ಲಿ ತೇರು ಎಡವಿದ ಹಾಗೆ ಕಾಣುತ್ತದೆ. ಪೆನ್‌ಡ್ರೈವನ್ನು ನೇರ ಟಿವಿಗೇ ಚುಚ್ಚಿ, ಟಿವಿ ತಾನೇ 50ಕ್ಕೆ ಹೊಂದಿಕೊಂಡರೆ ಈ ತೊಂದರೆ ಇರುವುದಿಲ್ಲ. ಅಂಗಡಿಯ ಚೀಟಿಯಲ್ಲಿ ಇದೂ ಇದೆ. ನಮ್ಮದೇ ಪೆನ್‌ಡ್ರೈವ್ ಒಯ್ದು ಹಾಕಿಸಿ ನೋಡುತ್ತೇನೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ಪದಕ್ಕೆ ಬರುತ್ತೇನೆ: ಇಂಟರ್‌ಲೇಸ್.

ಹಳೆಯ ಡಬ್ಬಾ ಟಿವಿಯಲ್ಲಿ ಒಂದು ಚಿತ್ರ ಒಂದೇ ಸಲಕ್ಕೆ ಮೂಡುತ್ತಿರಲಿಲ್ಲ. ಪಾಲ್‌ನಲ್ಲಿ ಒಟ್ಟು 625 ಸಾಲು, ಚಿತ್ರ ಕಾಣುವುದು 576ರಲ್ಲಿ. ಮೊದಲು ಒಂದು, ಮೂರು, ಐದು ಹೀಗೆ ಸಾಲುಗಳು. ಆಮೇಲೆ ಎರಡು, ನಾಲ್ಕು, ಆರು. ಸೆಕೆಂಡಿಗೆ 50 ಅರ್ಧಚಿತ್ರ, ಕೂಡಿದರೆ 25. ಆ 50 ಬಂದದ್ದು ನಮ್ಮ ಮನೆಯ ಕರೆಂಟಿನಿಂದ. ಅದೂ ಸೆಕೆಂಡಿಗೆ 50 ಸಲದ್ದೇ.

ಪದಕೋಶ ನೋಡಿದರೆ ಇದಕ್ಕೆ ‘ಹೆಣೆದ’ ಅನ್ನಬೇಕಾಗುತ್ತದೆ. ಹೆಣೆಯುವುದು ಅಂದರೆ ನನಗೆ ಜಡೆ, ಬುಟ್ಟಿ. ಎಳೆ ಮೇಲೊಮ್ಮೆ ಕೆಳಗೊಮ್ಮೆ ಹೋಗುತ್ತದೆ. ಇಲ್ಲಿ ಹಾಗಾಗುವುದಿಲ್ಲ. ಇಲ್ಲಿ ಆಗುವುದು ಹೊಲದ ಕೆಲಸ. ಆಳಂದ ಕಡೆ ನಮ್ಮ ಮಾವನ ತೊಗರಿ ಹೊಲ ಇದೆ. ಅಲ್ಲಿ ದಿನಾ ಕೇಳುವ ಮಾತು ‘ಸಾಲು ಬಿಟ್ಟು ಸಾಲು’. ಒಂದು ಸಾಲು ಹಿಡಿ, ಒಂದು ಬಿಡು, ತಿರುಗಿ ಬರುವಾಗ ಬಿಟ್ಟದ್ದನ್ನು ಹಿಡಿ. ಅವ್ವನಿಗೆ ಇಂಟರ್‌ಲೇಸ್ ಅಂದರೆ ಏನು ಅಂತ ಹೇಳಲು ನನಗೆ ಅರ್ಧ ನಿಮಿಷ ಸಾಕಾಯಿತು. “ಸಾಲು ಬಿಟ್ಟು ಸಾಲು ಬರೀತಿತ್ತವ್ವ ಆ ಟಿವಿ” ಅಂದೆ. “ಹೊಲದಾಗಿನಂಗ?” ಅಂದಳು. “ಹೂಂ” ಅಂದೆ. ಮುಗಿಯಿತು.

ಇದರ ಜೊತೆಗಾರ ಪದವೂ ಅದರಿಂದಲೇ ಸಿಗುತ್ತದೆ, ಅದು ನನಗೆ ಬಹಳ ಹಿಡಿಸಿತು. ಇಂಟರ್‌ಲೇಸ್ ಅಲ್ಲದ್ದಕ್ಕೆ ಇಂಗ್ಲಿಷಿನಲ್ಲಿ ಪ್ರೋಗ್ರೆಸಿವ್ ಅಂತಾರೆ. ಅದನ್ನು ‘ಪ್ರಗತಿಪರ’ ಅಂತ ಮಾಡಿದರೆ ಯಾರಿಗೂ ತಿಳಿಯುವುದಿಲ್ಲ. ನಮ್ಮಲ್ಲಿ ಪ್ರಗತಿಪರ ಅಂದರೆ ರೈತರಿಗೋ ಲೇಖಕರಿಗೋ ಹೇಳುವ ಮಾತು. ‘ಸಾಲುಬಿಟ್ಟ’, ‘ಸಾಲುಬಿಡದ’ ಅಂದರೆ ಆಗಬಾರದೇಕೆ? ಡಿವಿಡಿಯದು 576 ಸಾಲುಬಿಟ್ಟ ಚಿತ್ರ. ಆಟದ್ದು 2160 ಸಾಲುಬಿಡದ ಚಿತ್ರ. ಓದಿದ ಕೂಡಲೇ ಅರ್ಥವಾಗುತ್ತದೆ.

ಒಂದು ಅನುಮಾನ ಇದೆ. ಮೈಸೂರು, ಮಂಡ್ಯ ಕಡೆಯವರು ‘ಅಕ್ಕಡಿ ಸಾಲು’ ಅನ್ನುತ್ತಾರೆ. ಒಂದು ಬೆಳೆಯ ಸಾಲುಗಳ ನಡುವೆ ಇನ್ನೊಂದು ಬೆಳೆ. ಮೊದಲು ಅದು ಬೇಡ ಅನ್ನಿಸಿತು, ಏಕೆಂದರೆ ಟಿವಿಯ ಎರಡು ಅರ್ಧವೂ ಒಂದೇ ಚಿತ್ರದ್ದು ಅಂದುಕೊಂಡಿದ್ದೆ. ಆದರೆ ಕ್ಯಾಮೆರಾದಲ್ಲಿ ಎರಡನೇ ಅರ್ಧ ಸೆಕೆಂಡಿನ ಐವತ್ತನೇ ಒಂದು ಭಾಗದಷ್ಟು ಆಮೇಲೆ ತೆಗೆದದ್ದು. ಹಾಗಾಗಿ ಅದು ಖರೇನೇ ಬೇರೆ ಬೆಳೆ. ಹೊಸ ಟಿವಿಯಲ್ಲಿ ಎರಡನ್ನೂ ಸುಮ್ನೆ ಕೂಡಿಸಿ ಒಟ್ಟಿಗೆ ತೋರಿಸಿದರೆ, ಅಲುಗಾಡಿದ ಕಡೆಯೆಲ್ಲ ಅಂಚು ಸೀಳುತ್ತದೆ. ಅಕ್ಕನ ಮದುವೆಯಲ್ಲಿ ಅಕ್ಕಿಕಾಳು ಒಗೆಯುವ ಕೈಗಳನ್ನು ನೋಡಿದರೆ ಎಲ್ಲ ಬೆರಳಿಗೂ ಹಲ್ಲು ಮೂಡಿದ ಹಾಗಿದೆ. ಇದಕ್ಕೆ ನಮ್ಮ ಕಡೆಯ ‘ಹಣಿಗಿ’ ಸರಿಹೊಂದುತ್ತದೆ. ನಾವು ತಲೆ ಬಾಚುವುದಕ್ಕೂ ಹಣಿಗಿ ಅಂತೇವೆ, ಮಗ್ಗದಲ್ಲಿ ಎಳೆ ಬಿಡಿಸಿ ಇಡುವುದಕ್ಕೂ ಹಣಿಗೆ ಅಂತಾರೆ. ‘ಹಣಿಗೆ ಹಲ್ಲು’ ಅಂತ ಬರೆದಿದ್ದೇನೆ. ದಕ್ಷಿಣದವರಿಗೆ ಬಾಚಣಿಗೆ ಅಂದರೇ ಸಲೀಸು ಅಂತ ಗೊತ್ತು. ನಿಮ್ಮ ಮಾತು ಏನು, ಹೇಳಿ.

ಮುಂದಿನದು ಅಗಲದ ಮಾತು. ಹಳೆಯ ಚಿತ್ರ ನಾಲ್ಕಕ್ಕೆ ಮೂರು, ಹೊಸ ಟಿವಿ ಹದಿನಾರಕ್ಕೆ ಒಂಬತ್ತು. ಟಿವಿ ಪರದೆ ತುಂಬುವಂತೆ ಎಳೆದರೆ ಎಲ್ಲರೂ ಮೂರನೇ ಒಂದು ಪಾಲು ಅಗಲವಾಗುತ್ತಾರೆ. ಅವ್ವ ಅದನ್ನು ನೋಡಿ ಬಹಳ ಬೇಜಾರು ಮಾಡಿಕೊಂಡಳು. “ನನ್ನ ಮಗಳು ಹಿಂಗ ಇದ್ದಳೇನು? ಎಷ್ಟು ಸಣ್ಣ ಇದ್ದಳು” ಅಂದಳು. ಅಪ್ಪನನ್ನು ನೋಡಿ ಏನೂ ಹೇಳಲಿಲ್ಲ. ಅಂದೇ ಈ ಚೀಟಿ ಬರೆಯಬೇಕು ಅಂತ ನಿಶ್ಚಯಿಸಿದೆ. ಸರಿ ಮಾಡಿ ತೋರಿಸಿದಾಗ ಎರಡು ಪಕ್ಕದಲ್ಲೂ ಕಪ್ಪು ಉಳಿಯಿತು. ಅವ್ವ ಅದಕ್ಕೆ ‘ಕರಿ ದಡಿ’ ಅಂದಳು. ಸೀರೆಯ ದಡಿ. “ದಡಿ ಇರಲಿ, ಮುಖ ಸರಿ ಇದ್ದರ ಸಾಕು.” ಈ ಪದವನ್ನು ನಾನು ಬದಲಿಸುವುದಿಲ್ಲ. ಅವಳ ಚೀಟಿಯಲ್ಲಿ ಮೊದಲ ಸಾಲು ಇದೇ: ‘ಹಳೆ ವಿಡಿಯೋ ಹಾಕಿದಾಗ ಕರಿ ದಡಿ ಇರಬೇಕು’. ಆದರೆ ಅಂಗಡಿಯ ಚೀಟಿಗೆ ಆಸ್ಪೆಕ್ಟ್ ರೇಶಿಯೋಗೆ ಒಂದು ಸಣ್ಣ ಪದ ಬೇಕು. ‘ಅಗಲ ಎತ್ತರದ ಪ್ರಮಾಣ’ ತುಂಬ ಉದ್ದವಾಯಿತು.

ಅಪ್‌ಸ್ಕೇಲಿಂಗ್‌ಗೂ ಕೇಳುತ್ತೇನೆ. ವಿಸಿಡಿಯಲ್ಲಿ ಅಡ್ಡ 352, ಉದ್ದ 288 ಚುಕ್ಕಿ. ಲೆಕ್ಕ ಹಾಕಿದರೆ ಒಂದು ಲಕ್ಷದ ಮೇಲೆ ಸ್ವಲ್ಪ. 4ಕೆ ಪರದೆಯಲ್ಲಿ ಸುಮಾರು 83 ಲಕ್ಷ. ಒಂದು ಚುಕ್ಕಿ ಇದ್ದಲ್ಲಿ ಎಂಬತ್ತು ಚುಕ್ಕಿಯನ್ನು ಟಿವಿ ತಾನೇ ಊಹಿಸಿ ಇಡಬೇಕು. ‘ಹಿಗ್ಗಿಸು’ ಅಂದರೆ ಎಳೆದದ್ದಾಯಿತು, ಊಹಿಸಿ ತುಂಬಿದ್ದು ಬರಲಿಲ್ಲ. ರಂಗೋಲಿಯಲ್ಲಿ ಎರಡು ಚುಕ್ಕಿಯ ಸಂದಿನಲ್ಲಿ ಇನ್ನೊಂದು ಇಡುತ್ತಾರಲ್ಲ, ಅದನ್ನು ನೆನೆದು ‘ಸಂದುಚುಕ್ಕಿ ತುಂಬುವುದು’ ಅಂತ ಬರೆದು ನೋಡಿದೆ. ಹುಡುಗನಿಗೆ ಅರ್ಥವಾಗಲಿಲ್ಲ, ಅವ್ವನಿಗೆ ಆಯಿತು. ರಂಗೋಲಿ ಹಾಕುವವರು ಇದನ್ನು ಸ್ವಲ್ಪ ನೋಡಿ ಹೇಳಿ.

‘ಬರ್ನ್ ಇನ್’ಗೆ ‘ಅಚ್ಚು ಕೂರುವುದು’ ಅಂತ ಹಾಕಿದ್ದೇನೆ. ಓಎಲ್‌ಇಡಿಯಲ್ಲಿ ಒಂದೇ ಗುರುತು ತಿಂಗಳುಗಟ್ಟಲೆ ಒಂದೇ ಜಾಗದಲ್ಲಿದ್ದರೆ ಆಗುವುದು ಅದೇ. ಎಚ್‌ಡಿಎಂಐ 2.1 (ಟಿವಿಗೆ ಚಿತ್ರ ತರುವ ವೈರಿನ ಜೋಡಣೆ), ವಿಆರ್‌ಆರ್ (ಆಟದ ಚಿತ್ರದ ವೇಗಕ್ಕೆ ಪರದೆ ಹೊಂದಿಕೊಳ್ಳುವುದು) ಇವನ್ನು ಮುಟ್ಟಿಲ್ಲ, ಹೆಸರುಗಳು ಹೆಸರಾಗಿಯೇ ಇರಲಿ. ಹಳದಿ, ಕೆಂಪು, ಬಿಳಿ ಪಿನ್ನಿನ ವೈರಿಗೂ ಪದ ಬೇಡ. ಇಲ್ಲಿ ಎಲ್ಲರೂ ‘ಮೂರು ಬಣ್ಣದ ವೈರು’ ಅಂತಲೇ ಅನ್ನುತ್ತಾರೆ. ಹೊಸ ಟಿವಿಗಳಲ್ಲಿ ಆ ಮೂರು ತೂತು ಇರುವುದೇ ಕಡಿಮೆಯಾಗಿದೆ, ಹಾಗಾಗಿ ಹಳೆಯ ಡಿವಿಡಿ ಪ್ಲೇಯರ್ ಇಟ್ಟುಕೊಂಡವರು ಕೊಳ್ಳುವ ಮೊದಲು ಟಿವಿಯ ಹಿಂಬದಿ ನೋಡಿ.

ಇನ್ನೊಂದು ಮಾತು. 1975ರ ಆಗಸ್ಟಿನಿಂದ ಒಂದು ವರ್ಷ ಸೈಟ್ ಯೋಜನೆಯಲ್ಲಿ ಉಪಗ್ರಹದ ಮೂಲಕ ಟಿವಿ ಬಂದ ಹಳ್ಳಿಗಳಲ್ಲಿ ನಮ್ಮ ಜಿಲ್ಲೆಯವೂ ಇದ್ದವು, ರಾಯಚೂರು, ವಿಜಯಪುರದವೂ ಇದ್ದವು. ದೊಡ್ಡ ಊರುಗಳೆಷ್ಟೋ ಟಿವಿ ಕಾಣುವ ಮೊದಲೇ ಈ ಹಳ್ಳಿಯ ಮಂದಿ ಶಾಲೆಯಲ್ಲಿ ಕೂಡಿ ನೋಡಿದ್ದಾರೆ. ಚಿತ್ರ ಉರುಳಿದಾಗ, ಮಬ್ಬಾದಾಗ, ಚುಕ್ಕಿ ಚುಕ್ಕಿ ಬಂದಾಗ ಅವರು ಏನೋ ಒಂದು ಮಾತು ಅಂದೇ ಇರುತ್ತಾರೆ. ಅದನ್ನು ಕೇಳಿದವರು ನಿಮ್ಮಲ್ಲಿ, ನಿಮ್ಮ ಮನೆಯ ಹಿರಿಯರಲ್ಲಿ ಇದ್ದರೆ ದಯವಿಟ್ಟು ಬರೆಯಿರಿ. ಬೀದರ್, ಯಾದಗಿರಿ ಕಡೆಯವರು ಮೊದಲು ಬರೆದರೆ ನನಗೆ ಇನ್ನೂ ಒಳ್ಳೆಯದು, ಅವ್ವನಿಗೆ ಹತ್ತಿರದ ಕನ್ನಡ ಅದೇ.

ಬರುವ ಭಾನುವಾರ ಅಂಗಡಿಗೆ ಹೋಗುತ್ತೇವೆ. ಅಷ್ಟರಲ್ಲಿ ‘ಒತ್ತುತಡ’ಕ್ಕೆ ಒಂದು ಒಳ್ಳೆಯ ಪದ ಸಿಕ್ಕರೆ ಚೀಟಿಯಲ್ಲಿ ತಿದ್ದಿಕೊಂಡು ಹೋಗುತ್ತೇನೆ.